ದಾಬೋಳಿಯ ಹಂಸ ನೌಕಾ ವಾಯುನೆಲೆ

ಗೋವೆಯ ಮುರಗಾಂವ ತಾಲೂಕಿನ ದಾಬೋಳಿಯಲ್ಲಿ, ವಾಸ್ಕೋ ನಗರದ ಮಗ್ಗುಲಲ್ಲೇ, ಭಾರತೀಯ ನೌಕಾಪಡೆಯ ಪ್ರಮುಖ ವಾಯುನೆಲೆಯಾದ ಐಎನ್ಎಸ್ ಹಂಸ ಇದೆ. ಪ್ರಯಾಣಿಕರು ದಾಬೋಳಿ ವಿಮಾನ ನಿಲ್ದಾಣವೆಂದು ಕರೆಯುವುದು ಈ ನೆಲೆಯ ಒಂದು ಮೂಲೆಯನ್ನಷ್ಟೆ. ಸುಮಾರು 688 ಹೆಕ್ಟೇರ್ ವಿಸ್ತಾರದಲ್ಲಿ ನಾಗರಿಕ ವಿಮಾನಯಾನಕ್ಕೆ ದೊರೆತಿರುವುದು ಹೆಚ್ಚುಕಡಿಮೆ 14 ಹೆಕ್ಟೇರ್. ಓಡುದಾರಿ ನೌಕಾಪಡೆಯ ಅಧೀನದಲ್ಲಿದ್ದು, ಕರಾವಳಿ ರಕ್ಷಣಾ ಪಡೆಯೂ ಅದನ್ನು ಬಳಸುತ್ತದೆ.

ಪೋರ್ಚುಗೀಸ್ ಆಡಳಿತವು 1955ರಲ್ಲಿ ಈ ನಿಲ್ದಾಣವನ್ನು ಆರಂಭಿಸಿ, ಅಂದಿನ ಗವರ್ನರ್ ಜನರಲ್ ಬೆನಾರ್ಡ್ ಗೆಡೆಸ್ ಅವರ ಹೆಸರನ್ನಿಟ್ಟಿತು. ಗೋವಾ ವಿಮೋಚನೆಯ ಕಾರ್ಯಾಚರಣೆಗೆ ಬೆಳಗಾವಿಯೇ ಮುಖ್ಯ ಆಧಾರವಾಗಿತ್ತೆಂಬುದನ್ನು ಗಡಿನಾಡಿನ ಮಕ್ಕಳಿಗೆ ನಾವು ಸಾಕಷ್ಟು ಹೇಳಿಕೊಡುತ್ತಿಲ್ಲ. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೇ ಪದಾತಿ ವಿಭಾಗವು ಅಲ್ಲಿ ಜಮಾಯಿಸಿತ್ತು. 1961ರ ಡಿಸೆಂಬರ್ 18ರಂದು ಪುಣೆಯಿಂದ ಬಂದ ಕ್ಯಾನ್‌ಬೆರಾ ವಿಮಾನಗಳು ದಾಬೋಳಿಯ ಓಡುದಾರಿಯ ಮೇಲೆ ಬಾಂಬು ಸುರಿಸಿದವು. ಬೆಳಗಾವಿಯ ಸಾಂಬ್ರಾದಿಂದ ಹಾರಿದ ಹಂಟರ್‌ಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಹೊಡೆದವು. ನಿಲ್ದಾಣದ ಕಟ್ಟಡವನ್ನು ಉಳಿಸಬೇಕೆಂಬ ಆದೇಶವಿತ್ತು. ಹಾಳಾದ ಓಡುದಾರಿಯಿಂದಲೇ ಅಂದು ರಾತ್ರಿ ಎರಡು ಪೋರ್ಚುಗೀಸ್ ವಿಮಾನಗಳು ಕರಾಚಿಗೆ ಪಾರಾದವು.

ಹಂಸ ಹುಟ್ಟಿದ್ದು ಗೋವೆಯಲ್ಲಲ್ಲ. 1961ರ ಸೆಪ್ಟೆಂಬರಿನಲ್ಲಿ ಕೊಯಮತ್ತೂರು ಸಮೀಪದ ಸೂಲೂರಿನಲ್ಲಿ ಸೇವೆಗೆ ಸೇರಿದ ಈ ನೆಲೆ 1964ರಲ್ಲಿ ದಾಬೋಳಿಗೆ ಬಂದಿತು. ವಿಮಾನವಾಹಕ ನೌಕೆಗಳ ಸೀ ಹಾಕ್, ಅಲಿಝೆ, ಅನಂತರ ಸೀ ಹ್ಯಾರಿಯರ್, ಈಗ ಮಿಗ್-29ಕೆ ವಿಮಾನಗಳಿಗೆ ಇದು ದಡದ ಮನೆ. 2022ರ ಮಾರ್ಚಿನಲ್ಲಿ ಪಿ-8ಐ ಗಸ್ತು ವಿಮಾನಗಳ ದಳವೊಂದು ಇಲ್ಲಿ ಸೇವೆಗೆ ಸೇರಿತು. ನೌಕೆಯ ಅಟ್ಟವನ್ನು ಹೋಲುವ ಪರೀಕ್ಷಾ ಸೌಲಭ್ಯವೂ ಇಲ್ಲಿದೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ವಿಮಾನದ ನೌಕಾ ಮಾದರಿಯು 2019ರ ಸೆಪ್ಟೆಂಬರ್ 13ರಂದು ಕೊಕ್ಕೆಯಿಂದ ತಡೆತಂತಿಯನ್ನು ಹಿಡಿದು, ಗಜಗಳ ಲೆಕ್ಕದ ದೂರದಲ್ಲಿ ನಿಂತದ್ದು ಇಲ್ಲಿಯೇ. ಬೋಗ್ಮಾಳೊ ರಸ್ತೆಯಲ್ಲಿ 1998ರಲ್ಲಿ ತೆರೆದ ನೌಕಾ ವಾಯುಯಾನ ವಸ್ತುಸಂಗ್ರಹಾಲಯವು ಶಾಲಾ ಪ್ರವಾಸಕ್ಕೆ ಯೋಗ್ಯ ತಾಣ.

ಒಂದೇ ಓಡುದಾರಿಯನ್ನು ಹಂಚಿಕೊಳ್ಳುವುದು ಸುಲಭವಲ್ಲ. ಬಹುಕಾಲ ವಾರದ ಐದು ದಿನ ಬೆಳಗಿನ ಹೊತ್ತು ಸೈನಿಕ ತರಬೇತಿಗೆ ಮೀಸಲಾಗಿದ್ದು, ನಾಗರಿಕ ವಿಮಾನಗಳು ಉಳಿದ ವೇಳೆಯಲ್ಲಿ ಒತ್ತೊತ್ತಾಗಿ ಬಂದಿಳಿಯಬೇಕಿತ್ತು. ಮೋಪಾದಲ್ಲಿ ಹೊಸ ನಿಲ್ದಾಣ ಕಟ್ಟಿದ ಮೇಲೆ ದಾಬೋಳಿಯಲ್ಲಿ ನಾಗರಿಕ ಹಾರಾಟವನ್ನು ನಿಲ್ಲಿಸಬೇಕೆಂದು ಕೇಂದ್ರವು 2000ದಲ್ಲಿ ನಿರ್ಧರಿಸಿತ್ತು. 2010ರಲ್ಲಿ ಆ ಷರತ್ತನ್ನು ಕೈಬಿಟ್ಟಿತು. ಪೆಡ್ಣೆ ತಾಲೂಕಿನ ಮೋಪಾದಲ್ಲಿ ಮನೋಹರ ಅಂತರರಾಷ್ಟ್ರೀಯ ನಿಲ್ದಾಣವು 2023ರ ಜನವರಿ 5ರಂದು ಕಾರ್ಯಾರಂಭ ಮಾಡಿದಂದಿನಿಂದ ದಕ್ಷಿಣ ಗೋವೆಯಲ್ಲಿ ಹಳೆಯ ಆತಂಕ ಮರಳಿದೆ.

ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳಗಳಿಂದ ಬಂದು ಬೈನಾ, ಝುವಾರಿನಗರ, ಮಂಗೂರ ಗುಡ್ಡಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಅನ್ನದ ವಿಷಯ. ಟ್ಯಾಕ್ಸಿ, ಹೋಟೆಲು, ಸಾಮಾನು ಹೊರುವ ಕೆಲಸ, ಗುತ್ತಿಗೆಯ ಸ್ವಚ್ಛತೆ: ಇವೆಲ್ಲಕ್ಕೂ ಆಸರೆ ಆ 14 ಹೆಕ್ಟೇರ್. ಮೋಪಾ ಇರುವುದು ರಾಜ್ಯದ ಉತ್ತರದ ಗಡಿಯಲ್ಲಿ. ದಿನಗೂಲಿಯವನು ವಾಸ್ಕೋದ ಬಾಡಿಗೆ ಮನೆಯಿಂದ ನಿತ್ಯ ಅಲ್ಲಿಗೆ ಹೋಗಿಬರುವುದು ಆಗದ ಮಾತು.