ತೈಲಬಾವಿಯ ಅಯಸ್ಕಾಂತ ಸಲಕರಣೆಗಳು

ಪೆಟ್ರೋಲಿಯಂ ಅಥವಾ ನೈಸರ್ಗಿಕ ಅನಿಲಕ್ಕಾಗಿ ಕೊರೆದ ಬಾವಿಯಲ್ಲಿ ಬಿದ್ದ, ಮುರಿದ ಇಲ್ಲವೆ ಸವೆದು ಉದುರಿದ ಉಕ್ಕಿನ ಚೂರುಗಳನ್ನು ಕಾಂತಬಲದಿಂದ ಹಿಡಿದು ಹೊರತೆಗೆಯುವ ಸಾಧನಗಳು. ಬಾವಿಯ ತಳಕ್ಕೆ ಇಳಿಸುವ ಫಿಶಿಂಗ್ ಮ್ಯಾಗ್ನೆಟ್, ಕೊಳವೆಗಳ ಸಾಲಿನ ನಡುವೆ ಜೋಡಿಸುವ ಸ್ಟ್ರಿಂಗ್ ಮ್ಯಾಗ್ನೆಟ್, ಹೊರಬಂದ ಕೆಸರು ಹರಿಯುವ ಕಾಲುವೆಯಲ್ಲಿ ನಿಲ್ಲಿಸುವ ಡಿಚ್ ಮ್ಯಾಗ್ನೆಟ್ ಇವುಗಳಲ್ಲಿ ಮುಖ್ಯವಾದವು. ಮೊದಲನೆಯದು ಅಪಘಾತವಾದ ಮೇಲೆ ಬಳಸುವಂಥದು. ಉಳಿದೆರಡು ಅಪಘಾತ ಆಗದಂತೆ ಕಾಯುವಂಥವು. ಕೈಮೀರಿದಾಗ ಹುಡುಕುವ ಉಪಾಯವಾಗಿದ್ದ ಅಯಸ್ಕಾಂತ ದಿನನಿತ್ಯದ ಶುಚಿಗೊಳಿಸುವ ಸಾಧನವಾದದ್ದೇ ಈ ಸಲಕರಣೆಗಳ ಚರಿತ್ರೆ. ಆ ಬದಲಾವಣೆಗೆ ದಾರಿ ಮಾಡಿದ್ದು ತೈಲೋದ್ಯಮಕ್ಕಿಂತ ಹೆಚ್ಚಾಗಿ ಲೋಹವಿಜ್ಞಾನ.

ಸೇದುವ ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ಇಳಿಸಿ ತಡಕಾಡಿ ಎತ್ತುವ ಕೆಲಸಕ್ಕೂ ತೈಲಬಾವಿಯಲ್ಲಿ ಕಳೆದುಹೋದ ಉಪಕರಣವನ್ನು ಎತ್ತುವ ಕೆಲಸಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಭೇದ ಇರುವುದು ಅಳತೆಯಲ್ಲಿ. ತೈಲಬಾವಿಯ ಅಗಲ ತಳದ ಕಡೆ ಸಾಮಾನ್ಯವಾಗಿ ಒಂದು ಗೇಣಿನ ಆಸುಪಾಸು, ಆಳ ಕಿಲೋಮೀಟರುಗಟ್ಟಲೆ. ಒಳಗೆಲ್ಲ ದಪ್ಪ ಕೆಸರು ತುಂಬಿರುವುದರಿಂದ ಏನೂ ಕಾಣುವುದಿಲ್ಲ. ಬಿದ್ದದ್ದು ಎಲ್ಲಿದೆ, ಹೇಗೆ ಮಲಗಿದೆ ಎಂಬುದನ್ನು ಮೇಲೆ ನಿಂತವರು ಕೊಳವೆಯ ತೂಕ, ಅದರ ತಿರುಚುಬಲ, ಪಂಪಿನ ಒತ್ತಡ ಇವುಗಳಲ್ಲಿ ಆಗುವ ಸಣ್ಣ ವ್ಯತ್ಯಾಸಗಳಿಂದಲೇ ಊಹಿಸಬೇಕು. ಹೀಗೆ ಹುಡುಕಿ ಎತ್ತುವ ಕೆಲಸಕ್ಕೆ ಉದ್ಯಮದಲ್ಲಿ ಫಿಶಿಂಗ್ ಎಂದೂ, ತಳದಲ್ಲಿ ಬಿದ್ದ ಬಿಡಿ ಚೂರುಗಳಿಗೆ ಜಂಕ್ ಎಂದೂ ಹೆಸರು.

ಜಂಕ್ ಚಿಕ್ಕದಾದರೂ ತೊಂದರೆ ದೊಡ್ಡದು. ಬಂಡೆ ಕೊರೆಯಲೆಂದೇ ಗಟ್ಟಿಗೊಳಿಸಿದ ಉಕ್ಕಿನ ತುಂಡೊಂದು ತಳದಲ್ಲಿ ಬಿದ್ದಿದ್ದರೆ, ಮೇಲಿನಿಂದ ಇಳಿಸಿದ ಹೊಸ ಬಿಟ್ (ಕೊರೆಯುವ ತುದಿ) ಬಂಡೆಗೆ ತಾಗುವ ಮೊದಲೇ ಅದರ ಮೇಲೆ ಉರುಳಿ ಹಲ್ಲು ಮುರಿದುಕೊಳ್ಳುತ್ತದೆ. ಆ ಹಲ್ಲುಗಳೂ ಜಂಕ್ ರಾಶಿಗೆ ಸೇರುತ್ತವೆ.

1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಬಳಿ ಎಡ್ವಿನ್ ಡ್ರೇಕ್ ತೋಡಿಸಿದ ಬಾವಿಯ ಆಳ ಸುಮಾರು 21 ಮೀಟರ್ ಮಾತ್ರ. ಭಾರವಾದ ಉಳಿಯನ್ನು ಹಗ್ಗಕ್ಕೆ ಕಟ್ಟಿ ಎತ್ತಿ ಎತ್ತಿ ಕುಟ್ಟುವ ಪದ್ಧತಿ ಆಗಿನದು. ಹಗ್ಗ ಹರಿದರೆ ಉಳಿಯೇ ಒಳಗೆ ಉಳಿಯುತ್ತಿತ್ತು. ಅದನ್ನು ಎತ್ತಲು ಕೊಕ್ಕೆ, ಭರ್ಜಿ, ಕೊಂಬಿನಾಕಾರದ ಹಿಡಿಕೆ ಮುಂತಾದವನ್ನು ಕಮ್ಮಾರರು ಸ್ಥಳದಲ್ಲೇ ಕುಲುಮೆ ಹೂಡಿ ಮಾಡಿಕೊಡುತ್ತಿದ್ದರು. ಏನು ಮಾಡಿದರೂ ಬರದಿದ್ದರೆ ಮರದ ಗೋಪುರವನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಬಾವಿ ತೋಡುವುದೇ ಎಷ್ಟೋ ವೇಳೆ ಅಗ್ಗವಾಗುತ್ತಿತ್ತು. ಅಯಸ್ಕಾಂತದ ಅಗತ್ಯ ಆ ಕಾಲಕ್ಕೆ ಅಷ್ಟಾಗಿ ಇರಲಿಲ್ಲ. ಆಗ ಬೀಳುತ್ತಿದ್ದವು ಬಹುಪಾಲು ಉದ್ದನೆಯ, ಕೊಕ್ಕೆಗೆ ಸಿಗುವ ವಸ್ತುಗಳು.

ಕೊಕ್ಕೆಗೆ ಸಿಗದ ಚೂರುಗಳ ಕಾಟ ಹೆಚ್ಚಿದ್ದು ತಿರುಗಿಸಿ ಕೊರೆಯುವ ರೋಟರಿ ಪದ್ಧತಿ ಹರಡಿದ ಮೇಲೆ. 1901ರ ಜನವರಿ 10ರಂದು ಟೆಕ್ಸಾಸಿನ ಸ್ಪಿಂಡಲ್‌ಟಾಪ್ ಬಾವಿ ಚಿಮ್ಮಿದಾಗ ಈ ಪದ್ಧತಿ ಜಗತ್ತಿನ ಕಣ್ಣಿಗೆ ಬಿತ್ತು. ಇದರಲ್ಲಿ ಟೊಳ್ಳು ಕೊಳವೆಯ ತುದಿಗೆ ಬಿಟ್ ಸಿಕ್ಕಿಸಿ ತಿರುಗಿಸುತ್ತಾರೆ. ಕೊಳವೆಯೊಳಗಿಂದ ಕೆಳಗೆ ದಬ್ಬಿದ ಕೆಸರು ಬಿಟ್ಟಿನ ರಂಧ್ರಗಳಿಂದ ಹೊರಬಿದ್ದು, ಕಲ್ಲಿನ ಚೂರುಗಳನ್ನು ಹೊತ್ತು ಕೊಳವೆಯ ಹೊರಸುತ್ತಿನಿಂದ ಮೇಲೇರುತ್ತದೆ. ಕಲ್ಲನ್ನು ಹೊರುವ ಈ ಕೆಸರಿಗೆ ಅದಕ್ಕಿಂತ ಸುಮಾರು ಮೂರು ಪಟ್ಟು ಸಾಂದ್ರವಾದ ಉಕ್ಕನ್ನು ಹೊರುವುದು ಕಷ್ಟ. ದೊಡ್ಡ ಉಕ್ಕಿನ ಚೂರು ಮೇಲೇರದೆ ತಳದಲ್ಲೇ ಹೊರಳಾಡುತ್ತದೆ.

ಇದರ ಬೆನ್ನಲ್ಲೇ ಬಂದದ್ದು ಶಂಕುವಿನ ಬಿಟ್. ಹೊವಾರ್ಡ್ ಹ್ಯೂಸ್ ಸೀನಿಯರ್ 1909ರಲ್ಲಿ ಎರಡು ಶಂಕುಗಳ ಬಿಟ್ಟಿಗೆ ಪೇಟೆಂಟ್ ಪಡೆದರು. 1933ರಲ್ಲಿ ಅವರ ಕಂಪನಿಯ ಎಂಜಿನಿಯರುಗಳು ಮೂರು ಶಂಕುಗಳ ಬಿಟ್ ರೂಪಿಸಿದರು. ಗಟ್ಟಿ ಬಂಡೆಯನ್ನು ಪುಡಿಮಾಡುವುದರಲ್ಲಿ ಇದಕ್ಕೆ ಸಾಟಿ ಇರಲಿಲ್ಲ. ಆದರೆ ಒಂದೊಂದು ಶಂಕುವೂ ನಿಂತಿರುವುದು ಬೇರಿಂಗಿನ ಮೇಲೆ. ಬೇರಿಂಗ್ ಸವೆದದ್ದು ಮೇಲಿನವರಿಗೆ ತಿಳಿಯದೆ ಇನ್ನಷ್ಟು ಹೊತ್ತು ಕೊರೆದರೆ ಶಂಕು ಕಳಚಿ ಬೀಳುತ್ತದೆ, ಒಳಗಿನ ಗುಂಡುಗಳೂ ಉರುಳೆಗಳೂ ಚೆಲ್ಲಾಪಿಲ್ಲಿಯಾಗುತ್ತವೆ. ಅವು ದುಂಡಗೆ, ನುಣ್ಣಗೆ, ಹಿಡಿಕೆಯಿಲ್ಲದ ವಸ್ತುಗಳು. ರಿಗ್ಗಿನ (ಕೊರೆಯುವ ಯಂತ್ರಗೋಪುರದ) ನೆಲದಿಂದ ಜಾರಿದ ಸುತ್ತಿಗೆ, ಇಕ್ಕುಳದ ಪಿನ್ನು, ಕೊಳವೆ ಹಿಡಿಯುವ ಬೆಣೆಯ ಹಲ್ಲುಗಳು ಕೂಡ ಇದೇ ಜಾತಿಯವು. ಬಾಯಿ ಮುಚ್ಚಿಕೊಳ್ಳುವ ಬುಟ್ಟಿಗಳಿಂದ ಇವನ್ನು ಬಾಚಿಕೊಳ್ಳುವುದು, ಬಾವಿಯ ಗೋಡೆಗೆ ಒತ್ತಿಬಿಡುವುದು, ಸ್ಫೋಟಕದಿಂದ ಒಡೆಯುವುದು, ಅದೂ ಆಗದಿದ್ದರೆ ಸಿಮೆಂಟ್ ತುಂಬಿ ಪಕ್ಕದಿಂದ ಹೊಸ ದಾರಿ ಕೊರೆಯುವುದು, ಹೀಗೆ ನಾನಾ ಉಪಾಯಗಳು ಬಳಕೆಗೆ ಬಂದವು. ಉಕ್ಕನ್ನು ಉಕ್ಕೆಂದೇ ಗುರುತಿಸಿ ಹಿಡಿಯಬಲ್ಲದ್ದು ಮಾತ್ರ ಅಯಸ್ಕಾಂತವೊಂದೇ.

ಆದರೆ ತಕ್ಕ ಅಯಸ್ಕಾಂತ ಇರಲಿಲ್ಲ. ವಿಲಿಯಂ ಸ್ಟರ್ಜನ್ 1820ರ ದಶಕದಲ್ಲೇ ವಿದ್ಯುತ್ಕಾಂತ ತಯಾರಿಸಿದ್ದರು. ಅದನ್ನು ಬಾವಿಗೆ ಇಳಿಸುವುದೆಂದರೆ ಸುರುಳಿಯ ಜೊತೆಗೆ ಅಷ್ಟೂ ಆಳಕ್ಕೆ ವಿದ್ಯುತ್ ತಂತಿಯನ್ನೂ ಇಳಿಸಬೇಕು. ಮೂರು ಸಾವಿರ ಮೀಟರ್ ಆಳದಲ್ಲಿ ಬಾವಿಯಲ್ಲಿ ಬರೀ ನೀರಿದ್ದರೂ ಒತ್ತಡ ವಾತಾವರಣದ ಒತ್ತಡದ ಸುಮಾರು 300 ಪಟ್ಟು. ಉಪ್ಪುಕೆಸರು ಒಂದು ಸಣ್ಣ ಬಿರುಕಿನಲ್ಲಿ ನುಸುಳಿದರೆ ಸುರುಳಿ ಸುಟ್ಟುಹೋಗುತ್ತದೆ. ತಳ ಮುಟ್ಟಿದ ಮೇಲೆ ವಿದ್ಯುತ್ ಹಾಯಿಸಬಹುದು, ದಾರಿಯಲ್ಲಿ ಕೊಳವೆಗೋಡೆಗೆ ಅಂಟಿಕೊಳ್ಳುವುದಿಲ್ಲ ಎಂಬ ಅನುಕೂಲವೇನೋ ಇತ್ತು. ವಿದ್ಯುತ್ತನ್ನು ಬಯಸದ ಶಾಶ್ವತ ಅಯಸ್ಕಾಂತ ಆಗ ಸಿಗುತ್ತಿದ್ದದ್ದು ಇಂಗಾಲದ ಉಕ್ಕಿನಲ್ಲಿ. ಅದರ ಬಲ ಅಲ್ಪ, ಪೆಟ್ಟು ಬಿದ್ದರೆ ಅದೂ ಕುಂದುತ್ತಿತ್ತು.

ಪರಿಸ್ಥಿತಿ ಬದಲಾದದ್ದು ಜಪಾನಿನ ಪ್ರಯೋಗಶಾಲೆಗಳಿಂದ. 1917ರಲ್ಲಿ ಕೊಟಾರೊ ಹೊಂಡಾ ಕೋಬಾಲ್ಟ್ ಬೆರೆತ ಕೆ.ಎಸ್. ಉಕ್ಕನ್ನು ಕಂಡುಹಿಡಿದರು. 1931ರಲ್ಲಿ ತೊಕುಶಿಚಿ ಮಿಶಿಮಾ ಕಬ್ಬಿಣ, ನಿಕಲ್, ಅಲ್ಯೂಮಿನಿಯಂ ಸೇರಿದ ಮಿಶ್ರಲೋಹ ಅದಕ್ಕಿಂತ ಗಟ್ಟಿಯಾಗಿ ಕಾಂತತ್ವವನ್ನು ಹಿಡಿದಿಡುತ್ತದೆ ಎಂದು ತೋರಿಸಿದರು. ಇದಕ್ಕೆ ಕೋಬಾಲ್ಟ್ ಸೇರಿ ಅಲ್ನಿಕೊ ಆಯಿತು. 1930ರ ದಶಕದ ಕೊನೆಯ ಹೊತ್ತಿಗೆ, ಕಾಂತಕ್ಷೇತ್ರದೊಳಗೇ ಇಟ್ಟು ಅದನ್ನು ತಣಿಸುವ ವಿಧಾನ ತಿಳಿದು ಬಲ ಮತ್ತೂ ಹೆಚ್ಚಿತು. ಅಯಸ್ಕಾಂತದ ಸತ್ವವನ್ನು ಅಳೆಯುವ ಗರಿಷ್ಠ ಶಕ್ತಿ ಗುಣಲಬ್ಧ ಇಂಗಾಲದ ಉಕ್ಕಿನಲ್ಲಿ ಒಂದು ಘನಮೀಟರಿಗೆ ಎರಡು ಕಿಲೋಜೂಲ್‌ಗೂ ಕಡಿಮೆಯಿದ್ದದ್ದು ಉತ್ತಮ ಅಲ್ನಿಕೊದಲ್ಲಿ ಸುಮಾರು 40ಕ್ಕೆ ಏರಿತು. ತೈಲಬಾವಿಗೆ ಇಳಿಸಬಲ್ಲ ಅಯಸ್ಕಾಂತಕ್ಕೆ ಇದು ಸಾಕಾಗಿತ್ತು.

ಫಿಶಿಂಗ್ ಮ್ಯಾಗ್ನೆಟ್ಟಿನ ರಚನೆ ಅಂದಿನಿಂದ ಮೂಲತಃ ಬದಲಾಗಿಲ್ಲ. ಉಕ್ಕಿನ ಕವಚದೊಳಗೆ ಅಯಸ್ಕಾಂತದ ದಿಂಡು. ಎರಡರ ನಡುವೆ ಕಾಂತಕ್ಕೆ ಒಗ್ಗದ ಹಿತ್ತಾಳೆಯ ಸುತ್ತುಹೊದಿಕೆ. ಈ ಹೊದಿಕೆಯಿಂದಾಗಿ ಬಲವೆಲ್ಲ ಕೆಳಮುಖದಲ್ಲಿ ಸಾಂದ್ರವಾಗುತ್ತದೆ, ಪಕ್ಕಗಳಲ್ಲಿ ಬಹುಮಟ್ಟಿಗೆ ಇಲ್ಲವಾಗುತ್ತದೆ. ಇಲ್ಲದಿದ್ದರೆ ಸಾಧನ ಬಾವಿಯ ಒಳಗೋಡೆಗೆ ಹೊದಿಸಿದ ಉಕ್ಕಿನ ಕೇಸಿಂಗ್ ಕೊಳವೆಯೊಳಗೆ ಇಳಿಯುವಾಗಲೇ ಗೋಡೆಗೆ ಅಂಟುತ್ತಿತ್ತು. ಕೆಸರು ಹರಿಯಲು ರಂಧ್ರಗಳಿರುತ್ತವೆ. ಕೆಳ ಅಂಚಿನ ಉಂಗುರ ಮೂರು ತರಹದ್ದು: ಚೂರುಗಳನ್ನು ಮಧ್ಯಕ್ಕೆ ಸರಿಸುವ ತುಟಿಯಿದ್ದದ್ದು, ತಳದಲ್ಲಿ ಕಚ್ಚಿಕೊಂಡದ್ದನ್ನು ಕೆರೆದು ಬಿಡಿಸುವ ಹಲ್ಲಿನದು, ಸಮತಟ್ಟಾದದ್ದು.

ಕಾಂತಬಲ ದೂರ ಹೆಚ್ಚಿದಂತೆ ಬಹುಬೇಗ ಕ್ಷೀಣಿಸುತ್ತದೆ. ಚೂರಿನ ಮೇಲೆ ಒಂದೆರಡು ಬೆರಳಿನಷ್ಟು ಕಲ್ಲುಪುಡಿ ಕೂತಿದ್ದರೂ ಹಿಡಿತ ಸಿಗದು. ಆದ್ದರಿಂದ ಬಳಸುವ ಕ್ರಮವೇ ಮುಖ್ಯ. ಸಾಧನವನ್ನು ತಳಕ್ಕಿಂತ ತುಸು ಮೇಲೆ ನಿಲ್ಲಿಸಿ ಕೆಸರನ್ನು ರಭಸದಿಂದ ಹರಿಸಿ ತಳ ತೊಳೆಯುತ್ತಾರೆ. ನಿಧಾನವಾಗಿ ತಿರುಗಿಸುತ್ತ ಇಳಿಸಿ ತಳಕ್ಕೆ ಮುಟ್ಟಿಸುತ್ತಾರೆ. ಪಂಪ್ ನಿಲ್ಲಿಸಿ, ಕೊಳವೆಯನ್ನು ತಿರುಗಿಸದೆ, ಜರ್ಕು ಹೊಡೆಯದಂತೆ ಮೇಲೆಳೆಯುತ್ತಾರೆ. ಆಳದ ಬಾವಿಯಲ್ಲಿ ಈ ಒಂದು ಸುತ್ತಿಗೆ ಒಂದು ಹಗಲೇ ಹಿಡಿಯಬಹುದು. ಮೇಲೆ ಬಂದದ್ದು ಖಾಲಿ ಮುಖವಾದರೆ ಮತ್ತೆ ಮೊದಲಿನಿಂದ. ತಂತಿಗೆ ಕಟ್ಟಿ ಇಳಿಸುವ ಹಗುರವಾದ ಮಾದರಿಗಳು ಬೇಗ ಹೋಗಿ ಬರುತ್ತವೆ, ಆದರೆ ಅವುಗಳಲ್ಲಿ ತಳ ತೊಳೆಯುವ ಸೌಕರ್ಯವಿಲ್ಲ.

ಡಿಚ್ ಮ್ಯಾಗ್ನೆಟ್ ಇದಕ್ಕಿಂತ ಸರಳ, ಉಪಕಾರದಲ್ಲಿ ಯಾವುದಕ್ಕೂ ಕಡಿಮೆಯಲ್ಲ. ಬಾವಿಯಿಂದ ಹೊರಬಂದ ಕೆಸರು ಜರಡಿಗೆ ಹೋಗುವ ದಾರಿಯಲ್ಲಿ ಅಯಸ್ಕಾಂತದ ಪಟ್ಟಿಗಳನ್ನು ನಿಲ್ಲಿಸುತ್ತಾರೆ. ನಿಗದಿತ ವೇಳೆಗೊಮ್ಮೆ ಕೆಲಸಗಾರ ಅವನ್ನು ಎತ್ತಿ, ದಪ್ಪ ಕೈಗವಸು ತೊಟ್ಟು, ಮೈತುಂಬ ಗಡ್ಡದಂತೆ ನಿಂತ ಕಪ್ಪು ಎಳೆಗಳನ್ನು ಕೆಳಮುಖವಾಗಿ ಸವರಿ ತೆಗೆಯುತ್ತಾನೆ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸೀಳುವಷ್ಟು ಹರಿತ ಅವು. ಎಳೆಗಳ ಕೆಸರು ತೊಳೆದು, ಒಣಗಿಸಿ, ತಕ್ಕಡಿಗೆ ಹಾಕಿ, ತೂಕವನ್ನು ದಿನದ ವರದಿಯಲ್ಲಿ ಬರೆಯುತ್ತಾರೆ. ಆ ಅಂಕಿ ಬಾವಿಯ ಆರೋಗ್ಯದ ಸೂಚಿ. ಬಾವಿ ಬಾಗಿದ ಕಡೆ ತಿರುಗುವ ಕೊಳವೆ ಕೇಸಿಂಗನ್ನು ಉಜ್ಜುತ್ತಿದ್ದರೆ ದಿನದಿಂದ ದಿನಕ್ಕೆ ಉಕ್ಕಿನ ಪುಡಿ ಏರುತ್ತದೆ, ಗೋಡೆ ತೆಳುವಾಗುತ್ತಿದೆ ಎಂದು ಅದು ತೂತಾಗುವ ಮೊದಲೇ ತಿಳಿಯುತ್ತದೆ.

ಉಕ್ಕಿನ ಪುಡಿಯ ಪ್ರಮಾಣ ಗ್ರಾಂಗಳಿಂದ ಟನ್ನುಗಳಿಗೆ ಜಿಗಿದದ್ದು ಮಿಲ್ಲಿಂಗ್ ಸಾಮಾನ್ಯವಾದಾಗ. ಹಳೆಯ ಬಾವಿಯ ಕೇಸಿಂಗಿನಲ್ಲಿ ಕಿಟಕಿ ಕೊರೆದು ಪಕ್ಕಕ್ಕೆ ಹೊಸ ಬಾವಿ ತೆಗೆಯುವುದು, ಬಾವಿಯನ್ನು ಶಾಶ್ವತವಾಗಿ ಮುಚ್ಚುವ ಮುನ್ನ ಕೇಸಿಂಗಿನ ಒಂದು ಭಾಗವನ್ನು ಪೂರಾ ತುರಿದು ತೆಗೆಯುವುದು ಈ ಬಗೆಯ ಕೆಲಸಗಳು. ಸಾಮಾನ್ಯವಾಗಿ ಬಳಸುವ 9⅝ ಅಂಗುಲದ ಕೇಸಿಂಗಿನ ಒಂದು ತೂಕದರ್ಜೆ ಮೀಟರಿಗೆ ಸುಮಾರು 70 ಕಿಲೋ ತೂಗುತ್ತದೆ. ಅದರ 50 ಮೀಟರ್ ತುರಿದರೆ ಮೂರೂವರೆ ಟನ್ ಉಕ್ಕು ಸುರುಳಿ ಸುರುಳಿ ತುರಿಯಾಗಿ ಮೇಲೆ ಬರಬೇಕು. ಅದು ಹೆಣೆದುಕೊಂಡು ಗೂಡು ಕಟ್ಟಿದರೆ ಕೊಳವೆ ಸಿಕ್ಕಿಕೊಳ್ಳುತ್ತದೆ. ಬಾವಿಬಾಯಿಯ ಸುರಕ್ಷಾ ಕವಾಟದ ಸಂದುಗಳಲ್ಲಿ ಕೂತರೆ ತುರ್ತಿನಲ್ಲಿ ಕವಾಟ ಮುಚ್ಚದೆ ಹೋಗಬಹುದು. ಬರಬೇಕಾದ ತೂಕವನ್ನು ಲೆಕ್ಕಹಾಕಿ ಡಿಚ್ ಮ್ಯಾಗ್ನೆಟ್ಟಿಗೆ ಬಂದ ತೂಕದ ಜೊತೆ ಹೋಲಿಸುವುದು ಇಂಥ ಕೆಲಸದ ಪ್ರಾಥಮಿಕ ಎಚ್ಚರ. 1974ರಲ್ಲಿ ತೈಲ ಸಿಕ್ಕ ಮುಂಬೈ ಹೈ ಕ್ಷೇತ್ರದಲ್ಲೂ ಹಳೆಯ ಬಾವಿಗಳಿಂದ ಪಕ್ಕಕ್ಕೆ ಕೊರೆಯುವ ಕೆಲಸ ನಡೆದಿದೆ.

ಈ ನಡುವೆ ಅಯಸ್ಕಾಂತವೇ ಇನ್ನೊಮ್ಮೆ ಬದಲಾಗಿತ್ತು. 1960ರ ದಶಕದಲ್ಲಿ ಕಾರ್ಲ್ ಸ್ಟ್ರನಾಟ್ ಮತ್ತು ಸಂಗಡಿಗರು ವಿರಳ ಭಸ್ಮಧಾತು ಹಾಗೂ ಕೋಬಾಲ್ಟ್ ಸೇರಿದ ಅಯಸ್ಕಾಂತಗಳಿಗೆ ದಾರಿ ತೆರೆದರು, ಸಮೇರಿಯಂ-ಕೋಬಾಲ್ಟ್ ಬಂತು. 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟರ್ಸ್‌ನ ಜಾನ್ ಕ್ರೋಟ್ ಬೇರೆ ಬೇರೆಯಾಗಿ ನಿಯೋಡಿಮಿಯಂ-ಕಬ್ಬಿಣ-ಬೋರಾನ್ ಅಯಸ್ಕಾಂತವನ್ನು ರೂಪಿಸಿದರು. ಇದರ ಉತ್ತಮ ದರ್ಜೆಗಳ ಶಕ್ತಿ ಗುಣಲಬ್ಧ ಅಲ್ನಿಕೊದ ಸುಮಾರು ಹತ್ತು ಪಟ್ಟು. ಬಲ ಇಷ್ಟಾದ ಮೇಲೆ ದಪ್ಪ ದಿಂಡು ಬೇಕಿರಲಿಲ್ಲ. ತೆಳುವಾದ ಪಟ್ಟಿಗಳನ್ನು ಕೊಳವೆಯ ಹೊರಮೈಯ ತಗ್ಗುಗಳಲ್ಲಿ ಕೂರಿಸಿದರೂ ಸಾಕಾಯಿತು. ಸ್ಟ್ರಿಂಗ್ ಮ್ಯಾಗ್ನೆಟ್ ಹುಟ್ಟಿದ್ದು ಹೀಗೆ.

ಅದರ ಕಾಲ ಕೂಡಿಬಂದದ್ದು ಅಡ್ಡಲಾಗಿ ಸಾಗುವ ಬಾವಿಗಳಿಂದಲೂ ಆಳಸಮುದ್ರದ ಬಾವಿಗಳಿಂದಲೂ. ಅಡ್ಡ ಬಾವಿಯಲ್ಲಿ ಚೂರುಗಳು ತಳಕ್ಕೆ ಜಾರುವುದಿಲ್ಲ, ಉದ್ದಕ್ಕೂ ಕೆಳಮಗ್ಗುಲಲ್ಲಿ ಹಾಸಿಕೊಳ್ಳುತ್ತವೆ. ತುದಿಯಲ್ಲಷ್ಟೇ ಬಲವಿರುವ ಫಿಶಿಂಗ್ ಮ್ಯಾಗ್ನೆಟ್ ಅಲ್ಲಿ ನಿರುಪಯೋಗಿ. ಕೊರೆತ ಮುಗಿದು ತೈಲ ಹರಿಸುವ ಕೊಳವೆ, ಅದರ ಸುತ್ತಲ ಸಂದನ್ನು ಬಿಗಿಯಾಗಿ ಮುಚ್ಚುವ ಪ್ಯಾಕರ್, ಕವಾಟಗಳನ್ನು ಇಳಿಸುವ ಮುನ್ನ ಕೆರೆಯುವ ಅಲಗು, ಉಜ್ಜುವ ಕುಂಚ, ಅಯಸ್ಕಾಂತ, ಜರಡಿ ಇವನ್ನು ಒಂದೇ ಸಾಲಿನಲ್ಲಿ ಜೋಡಿಸಿ ಬಾವಿಯನ್ನು ಗುಡಿಸುವ ರೂಢಿ ಬೆಳೆಯಿತು. ಪ್ಯಾಕರಿನ ರಬ್ಬರ್ ಮತ್ತು ಕೇಸಿಂಗಿನ ನಡುವೆ ಒಂದು ಉಕ್ಕಿನ ಚಕ್ಕೆ ಸಿಕ್ಕಿದರೂ ಬಿಗಿ ತಪ್ಪುತ್ತದೆ. ಆಳಸಮುದ್ರದಲ್ಲಿ ಅದನ್ನು ಸರಿಪಡಿಸುವ ಖರ್ಚಿನೆದುರು ಅಯಸ್ಕಾಂತದ ಬೆಲೆ ಏನೂ ಅಲ್ಲ.

ಕೆಸರಿನಲ್ಲಿ ತೇಲುವ ಸೂಕ್ಷ್ಮ ಉಕ್ಕಿನ ಪುಡಿ ಇನ್ನೊಂದು ಕೇಡನ್ನೂ ಮಾಡುತ್ತದೆ. ಬಾವಿ ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ಅಳೆಯುವ ಉಪಕರಣ ಭೂಮಿಯ ಕಾಂತಕ್ಷೇತ್ರವನ್ನು ಅವಲಂಬಿಸಿದೆ. ಸುತ್ತಲಿನ ಕೆಸರೇ ಕಾಂತೀಯವಾದರೆ ಆ ಕ್ಷೇತ್ರ ಮಸುಕಾಗಿ ದಿಕ್ಕಿನ ಲೆಕ್ಕ ತಪ್ಪುತ್ತದೆ. ಡಿಚ್ ಮ್ಯಾಗ್ನೆಟ್ಟಿನ ಗುಣಮಟ್ಟದ ಬಗ್ಗೆ ಇತ್ತೀಚಿನ ದಶಕಗಳಲ್ಲಿ ಗಮನ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಸ್ಟ್ರಿಂಗ್ ಮ್ಯಾಗ್ನೆಟ್ಟನ್ನು ಇಂಥ ಉಪಕರಣದ ಹತ್ತಿರ ಜೋಡಿಸಬಾರದೆಂಬುದೂ ಇದೇ ಕಾರಣಕ್ಕೆ.

ಅಯಸ್ಕಾಂತಕ್ಕೆ ಮಿತಿಗಳಿವೆ. ಹಿತ್ತಾಳೆ, ಅಲ್ಯೂಮಿನಿಯಂ, ನಿಕಲ್ ಹೆಚ್ಚಿರುವ ತುಕ್ಕುನಿರೋಧಕ ಮಿಶ್ರಲೋಹಗಳು, ರಬ್ಬರ್ ಅದಕ್ಕೆ ಅಂಟುವುದಿಲ್ಲ. ಇವಕ್ಕೆ ಬುಟ್ಟಿಯೇ ಗತಿ. ಅಯಸ್ಕಾಂತದ ಕೆಲಸವನ್ನೇ ಕಡಿಮೆ ಮಾಡಿದ ಬೆಳವಣಿಗೆಯೂ ಉಂಟು. 1970ರ ದಶಕದಲ್ಲಿ ಬಂದ ಕೃತಕ ವಜ್ರದ ಹಲ್ಲಿನ ಪಿ.ಡಿ.ಸಿ. ಬಿಟ್ಟಿನಲ್ಲಿ ತಿರುಗುವ ಭಾಗವೇ ಇಲ್ಲ. ಅದು ಹರಡಿದಂತೆ ಶಂಕು ಕಳಚಿ ಬೀಳುವ ಪ್ರಸಂಗಗಳೂ ತಗ್ಗಿದವು.

ದೊಡ್ಡ ಮಿತಿ ಶಾಖದ್ದು. ಭೂಮಿಯೊಳಕ್ಕೆ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಏರುತ್ತದೆ. ಸಾಧಾರಣ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ. ಡಿಸ್ಪ್ರೋಸಿಯಂ ಬೆರೆಸಿದ ದರ್ಜೆಗಳು 200 ಡಿಗ್ರಿಯವರೆಗೆ ತಾಳುತ್ತವೆ. ಸಮೇರಿಯಂ-ಕೋಬಾಲ್ಟ್ 300 ಡಿಗ್ರಿಯ ಆಸುಪಾಸಿನಲ್ಲೂ ಕೆಲಸ ಮಾಡುತ್ತದೆ, ಬಲದಲ್ಲಿ ತುಸು ಕಡಿಮೆ, ಬೆಲೆ ಹೆಚ್ಚು. ಹಳೆಯ ಅಲ್ನಿಕೊ 500 ಡಿಗ್ರಿಗೂ ಜಗ್ಗುವುದಿಲ್ಲ.

ಇನ್ನೊಂದು ಮಿತಿ ಪೂರೈಕೆಯದು. ಹೊಸ ಅಯಸ್ಕಾಂತಗಳಿಗೆ ಬೇಕಾದ ವಿರಳ ಭಸ್ಮಧಾತುಗಳ ಸಂಸ್ಕರಣೆಯ ಬಹುಪಾಲು ಇಂದು ಚೀನಾದ ಕೈಯಲ್ಲಿದೆ. 2025ರ ಏಪ್ರಿಲ್‌ನಲ್ಲಿ ಆ ದೇಶ ರಫ್ತು ನಿಯಂತ್ರಣ ಹೇರಿದ ಏಳು ಧಾತುಗಳಲ್ಲಿ ಸಮೇರಿಯಂ ಮತ್ತು ಡಿಸ್ಪ್ರೋಸಿಯಂ ಎರಡೂ ಸೇರಿವೆ.