ಮಿನಮಾಟಾ: ಒಂದು ಕೊಲ್ಲಿ, ಮೂರು ಪಾಠ

ಸಾರ್ವಜನಿಕ ಆರೋಗ್ಯ, ಭೂವಿಜ್ಞಾನ, ಸಿನಿಮಾ ಅಧ್ಯಯನ. ಕಾಲೇಜಿನಲ್ಲಿ ಈ ಮೂರು ಕೋರ್ಸುಗಳ ವಿದ್ಯಾರ್ಥಿಗಳು ಒಂದೇ ತರಗತಿಯಲ್ಲಿ ಕೂರುವುದು ಅಪರೂಪ. ಆದರೆ ಜಪಾನಿನ ಕ್ಯೂಶು ದ್ವೀಪದಲ್ಲಿರುವ ಮಿನಮಾಟಾ ಎಂಬ ಊರಿನ ಚರಿತ್ರೆಯನ್ನು ತಿಳಿಯಬೇಕೆಂದರೆ ಮೂರೂ ಬೇಕು.

1956ರ ಮೇ 1ರಂದು ಅಲ್ಲಿನ ಚಿಸ್ಸೊ ರಾಸಾಯನಿಕ ಕಾರ್ಖಾನೆಯ ಆಸ್ಪತ್ರೆಯಿಂದ ಆರೋಗ್ಯ ಕಚೇರಿಗೆ ಒಂದು ವರದಿ ಹೋಯಿತು. ಕಾರಣ ತಿಳಿಯದ ನರರೋಗ; ನಡೆಯಲಾಗದ, ಮಾತು ತೊದಲುವ ಮಕ್ಕಳು. ಅದಕ್ಕೂ ಮೊದಲೇ ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತಿದ್ದವು. ಸಾಂಕ್ರಾಮಿಕವಿರಬಹುದೆಂಬ ಭಯದಿಂದ ನೆರೆಯವರು ರೋಗಿಗಳ ಮನೆಗಳಿಂದ ದೂರವಾದರು. ತನಿಖೆ ನಡೆದಂತೆ ಎಲ್ಲರೂ ಕೊಲ್ಲಿಯ ಮೀನು ತಿಂದವರೆಂದು ಗೊತ್ತಾಯಿತು. 1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ಸಾವಯವ ಪಾದರಸವೇ ಕಾರಣವೆಂದರು. ಅದೇ ವರ್ಷ ಕಾರ್ಖಾನೆ ಆಸ್ಪತ್ರೆಯ ವೈದ್ಯ ಹಾಜಿಮೆ ಹೊಸೊಕಾವಾ ಕಾರ್ಖಾನೆಯ ತ್ಯಾಜ್ಯನೀರು ಬೆರೆಸಿದ ಆಹಾರವನ್ನು ಒಂದು ಬೆಕ್ಕಿಗೆ ತಿನ್ನಿಸಿ ನೋಡಿದರು. 400ನೇ ಸಂಖ್ಯೆಯ ಆ ಬೆಕ್ಕಿಗೂ ಅದೇ ರೋಗ ಬಂತು. ಕಂಪನಿ ಈ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ.

ವರದಿಯನ್ನು ಬಚ್ಚಿಡಬಹುದು, ಕೆಸರನ್ನು ಬಚ್ಚಿಡುವುದು ಕಷ್ಟ. ಅಸಿಟಾಲ್ಡಿಹೈಡ್ ತಯಾರಿಕೆಯಲ್ಲಿ ಬಳಸಿದ ಪಾದರಸ ಕೊಲ್ಲಿಯ ತಳದಲ್ಲಿ ಕೂತಿತ್ತು. 1958ರಲ್ಲಿ ಕಂಪನಿ ತನ್ನ ಮೋರಿಯನ್ನು ಕೊಲ್ಲಿಯಿಂದ ಮಿನಮಾಟಾ ನದಿಯ ಅಳಿವೆಗೆ ತಿರುಗಿಸಿತು. ಕೆಲವು ತಿಂಗಳಲ್ಲೇ ಆ ಕಡೆಯ ಹಳ್ಳಿಗಳಲ್ಲೂ ರೋಗಿಗಳು ಕಾಣಿಸಿಕೊಂಡರು. ನೀರು ಹೋದ ದಾರಿಯೇ ರೋಗದ ದಾರಿಯೂ ಆಗಿತ್ತು. ಆದರೂ ಸರ್ಕಾರ ಕಾರಣವನ್ನು ಅಧಿಕೃತವಾಗಿ ಒಪ್ಪಿದ್ದು 1968ರಲ್ಲಿ, ಆ ತಯಾರಿಕೆ ನಿಂತ ಮೇಲೆ. 1977ರಿಂದ 1990ರವರೆಗೆ ಕೆಸರೆತ್ತಿ, ಕೊಲ್ಲಿಯ ಒಂದು ಭಾಗ ತುಂಬಿ, ಸುಮಾರು 58 ಹೆಕ್ಟೇರ್ ನೆಲ ಮಾಡಿದರು. ಇಂದು ಅಲ್ಲಿ ಉದ್ಯಾನವಿದೆ.

ಇನ್ನು ಸಿನಿಮಾ. ನೊರಿಯಾಕಿ ತ್ಸುಚಿಮೊಟೊ ರೋಗಿಗಳ ಮನೆಗಳಿಗೆ ಹೋಗಿ ತೆಗೆದ ಸಾಕ್ಷ್ಯಚಿತ್ರ 1971ರಲ್ಲಿ ಬಂತು. ಅದರಲ್ಲಿ ರೋಗಿಗಳು ಬರೀ ರೋಗಿಗಳಲ್ಲ: ಮೀನು ಹಿಡಿಯುತ್ತಾರೆ, ಉಣ್ಣುತ್ತಾರೆ, ಜಗಳವಾಡುತ್ತಾರೆ. 1970ರ ನವೆಂಬರಿನಲ್ಲಿ ಒಂದೊಂದೇ ಷೇರು ಕೊಂಡು, ಯಾತ್ರಿಕರ ಬಿಳಿ ಉಡುಪು ತೊಟ್ಟು ಒಸಾಕಾದ ಷೇರುದಾರರ ಸಭೆಗೆ ನುಗ್ಗಿ ಕಂಪನಿಯ ಅಧ್ಯಕ್ಷರನ್ನು ನೇರವಾಗಿ ಕೇಳುತ್ತಾರೆ.

ಅದೇ 1970ರಲ್ಲಿ ಹೊಸೊಕಾವಾ ಆಸ್ಪತ್ರೆಯ ಹಾಸಿಗೆಯಿಂದಲೇ ಬೆಕ್ಕಿನ ಪ್ರಯೋಗದ ಬಗ್ಗೆ ನ್ಯಾಯಾಲಯಕ್ಕೆ ಸಾಕ್ಷಿ ನುಡಿದರು. 1973ರಲ್ಲಿ ತೀರ್ಪು ರೋಗಿಗಳ ಪರವಾಗಿ ಬಂತು.

ಇತಿಹಾಸದ ವಿದ್ಯಾರ್ಥಿ ಇಲ್ಲಿ ಕೇಳಬೇಕಾದ್ದು ‘ಸತ್ಯ ಯಾವಾಗ ತಿಳಿಯಿತು’ ಎಂದಷ್ಟೇ ಅಲ್ಲ, ‘ಯಾರಿಗೆ ತಿಳಿಯಿತು, ಯಾರ ಮಾತನ್ನು ನಂಬಲಿಲ್ಲ’ ಎಂದು. ವೈದ್ಯರ ಕಡತದಲ್ಲಿ ರೋಗವಿದೆ, ಕೆಸರಿನಲ್ಲಿ ವಿಷವಿದೆ. ಅದನ್ನು ಉಂಡವರ ಮಾತು ಮಾತ್ರ ಸಿನಿಮಾದಲ್ಲಿದೆ. ಮೂರನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕಲಿತವರಿಗೆ, 1959ರಲ್ಲೇ ಗೊತ್ತಿದ್ದರೂ ಆ ನೀರು ಇನ್ನೂ ಒಂಬತ್ತು ವರ್ಷ ಯಾಕೆ ಹರಿಯಿತು ಎಂಬುದು ಅರ್ಥವಾಗುವುದಿಲ್ಲ.