ಕದ್ರಿ ಗೋಪಾಲನಾಥ್ ಅವರ ಧ್ವನಿಮುದ್ರಣಗಳು

ಕದ್ರಿ ಗೋಪಾಲನಾಥ್ (1949–2019) ಕರ್ನಾಟಕ ಶಾಸ್ತ್ರೀಯ ಸಂಗೀತವನ್ನು ಸ್ಯಾಕ್ಸೋಫೋನಿನಲ್ಲಿ ನುಡಿಸಿ ಪ್ರಸಿದ್ಧರಾದ ವಿದ್ವಾಂಸರು. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ಸಜೀಪಮೂಡ ಅವರ ಹುಟ್ಟೂರು. ಅವರ ಧ್ವನಿಮುದ್ರಣಗಳಲ್ಲಿ ಶಾಸ್ತ್ರೀಯ ಸಂಗೀತ, ಜಾಝ್ ಕಲಾವಿದರೊಡನೆ ಮಾಡಿದ ಜುಗಲ್‌ಬಂದಿ ಹಾಗೂ ಚಲನಚಿತ್ರ ಸಂಗೀತ ಸೇರಿವೆ. ಜಾಝ್ ಕಲಾವಿದರ ಪಕ್ಕದಲ್ಲಿ ಕುಳಿತಾಗಲೂ ಅವರು ನುಡಿಸಿದ್ದು ರಾಗವನ್ನೇ ಎಂಬುದು ಈ ಧ್ವನಿಮುದ್ರಣಗಳ ವೈಶಿಷ್ಟ್ಯವಾಗಿದೆ.

ಹಿನ್ನೆಲೆ

ಗೋಪಾಲನಾಥರ ತಂದೆ ತನಿಯಪ್ಪನವರು ನಾಗಸ್ವರ ವಾದಕರಾಗಿದ್ದರು. ಮಗನೂ ಮೊದಲು ಅದನ್ನೇ ಕಲಿತರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನಿನ ನಾದವನ್ನು ಕೇಳಿದ ಮೇಲೆ ಅವರ ಮನಸ್ಸು ಆ ವಾದ್ಯದ ಕಡೆಗೆ ತಿರುಗಿತು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ, ಮುಂದೆ ಮದ್ರಾಸಿನಲ್ಲಿ ಗಾಯಕ ಹಾಗೂ ಮೃದಂಗ ವಿದ್ವಾಂಸ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಶಿಕ್ಷಣ ಪಡೆದರು. ಸ್ಯಾಕ್ಸೋಫೋನ್ ಅವರ ಕೈವಶವಾಗಲು ಸುಮಾರು ಎರಡು ದಶಕಗಳು ಹಿಡಿದವು.

ಗಮಕದ ಸಮಸ್ಯೆ

ಇಷ್ಟು ಕಾಲ ಹಿಡಿದುದಕ್ಕೆ ವಾದ್ಯದ ರಚನೆಯೇ ಕಾರಣ. ನಾಗಸ್ವರದ ರಂಧ್ರಗಳು ತೆರೆದಿರುತ್ತವೆ. ವಾದಕನು ಬೆರಳನ್ನು ಜಾರಿಸಿ, ಅರ್ಧ ಮುಚ್ಚಿ, ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆಯಬಲ್ಲನು. ಬೆಲ್ಜಿಯಂ ಮೂಲದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಸ್ಯಾಕ್ಸೋಫೋನಿನಲ್ಲಿ ರಂಧ್ರಗಳ ಮೇಲೆ ಮೆತ್ತೆ ಹಾಕಿದ ಮುಚ್ಚಳಗಳಿವೆ. ಕೀಲಿಯನ್ನು ಒತ್ತಿದಾಗ ಅವು ಮುಚ್ಚುತ್ತವೆ ಇಲ್ಲವೇ ತೆರೆಯುತ್ತವೆ. ಬೆರಳು ರಂಧ್ರವನ್ನು ಮುಟ್ಟುವುದೇ ಇಲ್ಲ. ಪಾಶ್ಚಾತ್ಯ ಸಂಗೀತಕ್ಕೆ ಬೇಕಾದ ಸ್ಪಷ್ಟ, ಬಿಡಿ ಸ್ವರಗಳಿಗೆ ಇದು ಅನುಕೂಲ. ತೋಡಿ ರಾಗದ ಗಾಂಧಾರದಂತೆ ಕಂಪಿತದಿಂದಲೇ ರೂಪು ತಳೆಯುವ ಸ್ವರಕ್ಕೆ ಇದೇ ತೊಡಕು. ಆದ್ದರಿಂದ ಗಮಕದ ಹೆಚ್ಚಿನ ಹೊರೆ ತುಟಿಯ ಬಿಗಿತ ಮತ್ತು ಉಸಿರಿನ ಒತ್ತಡದ ಮೇಲೆ ಬೀಳುತ್ತದೆ. ಗೋಪಾಲನಾಥರ ಆಲಾಪನೆಗಳಲ್ಲಿ ಸ್ವರಗಳು ಕಡಿಯದೆ ಜಾರುವುದು ಈ ಸಾಧನೆಯ ಫಲ.

ಶಾಸ್ತ್ರೀಯ ಧ್ವನಿಮುದ್ರಣಗಳು

ಅವರ ಕಛೇರಿಗಳಲ್ಲಿ ಎ. ಕನ್ಯಾಕುಮಾರಿಯವರ ಪಿಟೀಲು ದೀರ್ಘಕಾಲದ ಸಂಗಾತಿಯಾಗಿತ್ತು. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರು ಕದನಕುತೂಹಲ ರಾಗದಲ್ಲಿ ರಚಿಸಿದ ‘ರಘುವಂಶ ಸುಧಾ’ ಗೋಪಾಲನಾಥರ ಹೆಸರಿನೊಂದಿಗೆ ಬೆರೆತುಹೋಗಿರುವ ಕೃತಿ. ಪಾಶ್ಚಾತ್ಯ ಛಾಯೆಯ ಈ ರಾಗದಲ್ಲಿ ಸ್ವರಗಳು ಬಹುಪಾಲು ನೇರವಾಗಿಯೇ ನಿಲ್ಲುತ್ತವೆ. ವಾದ್ಯಕ್ಕೆ ಅದು ಸುಲಭವಾಗಿ ಒಗ್ಗುತ್ತದೆ. ಅವರ ನಿಜವಾದ ಸಾಮರ್ಥ್ಯವನ್ನು ಅಳೆಯಬೇಕೆನ್ನುವ ಕೇಳುಗರು ಈ ಜನಪ್ರಿಯ ಕೃತಿಗಿಂತ ವಿಳಂಬ ಗತಿಯ ರಾಗಾಲಾಪನೆಗಳನ್ನು ಆಲಿಸುವುದು ಒಳ್ಳೆಯದು. 2000ದಲ್ಲಿ ಬ್ರಿಟನ್ನಿನ ಗ್ಲೋಬ್‌ಸ್ಟೈಲ್ ಸಂಸ್ಥೆ ‘ಜೆಮ್ ಟೋನ್ಸ್’ ಎಂಬ ಸಿ.ಡಿ.ಯನ್ನು ಹೊರತಂದಿತು. ಇದಕ್ಕೆ ಮೊದಲೇ, 1994ರಲ್ಲಿ, ಗೋಪಾಲನಾಥರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ. ಪ್ರಾಮೆನೇಡ್ ಕಛೇರಿ ನೀಡಿದ್ದರು.

ಜಾಝ್ ಸಹಯೋಗ

1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅವರ ವಾದನವನ್ನು ಕೇಳಿದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ, ತಾನೂ ಜೊತೆಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಹಂಚಿಕೊಂಡರು. ಗೋಪಾಲನಾಥರ ವೃತ್ತಿಜೀವನದಲ್ಲಿ ಇದು ತಿರುವು ಎನಿಸಿತು. ಮುಂದೆ ಕೊಳಲು ವಾದಕ ಜೇಮ್ಸ್ ನ್ಯೂಟನ್ ಅವರೊಡನೆ ‘ಸದರ್ನ್ ಬ್ರದರ್ಸ್’ ಧ್ವನಿಮುದ್ರಣ ಹೊರಬಂದಿತು.

ಈ ಸಾಲಿನಲ್ಲಿ ಹೆಚ್ಚು ಚರ್ಚೆಗೆ ಬಂದದ್ದು ಅಮೆರಿಕದ ಜಾಝ್ ಕಲಾವಿದ ರುದ್ರೇಶ್ ಮಹಂತಪ್ಪ ಅವರೊಂದಿಗಿನ ‘ಕಿನ್ಸ್‌ಮೆನ್’ (2008). ಮಹಂತಪ್ಪ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರ ಅಣ್ಣ ತಮಾಷೆಗೆಂದು ಗೋಪಾಲನಾಥರ ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಧ್ವನಿಮುದ್ರಿಕೆಯನ್ನು ಕೊಟ್ಟಿದ್ದರು. ಆ ತಮಾಷೆಯೇ ಮುಂದೆ ಇಬ್ಬರನ್ನೂ ಒಂದೇ ವೇದಿಕೆಗೆ ತಂದಿತು. ‘ಕಿನ್ಸ್‌ಮೆನ್’ನಲ್ಲಿ ಎರಡು ಆಲ್ಟೋ ಸ್ಯಾಕ್ಸೋಫೋನುಗಳು ಎದುರುಬದುರಾಗಿವೆ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗಗಳ ಜೊತೆಗೆ ರೆಜ್ ಅಬ್ಬಾಸಿಯವರ ಗಿಟಾರ್, ಕಾರ್ಲೊ ಡಿ ರೋಸಾ ಅವರ ಬೇಸ್, ರಾಯಲ್ ಹಾರ್ಟಿಗನ್ ಅವರ ಡ್ರಮ್ಸ್ ಸೇರಿವೆ. ರಚನೆಗಳ ನಡುನಡುವೆ ಬಿಡಿ ಕಲಾವಿದರ ಆಲಾಪಗಳು ಬರುತ್ತವೆ. ಒಂದೇ ವಾದ್ಯದ ಎರಡು ಬೇರೆ ಭಾಷೆಗಳನ್ನು ಹೋಲಿಸಿ ಕೇಳಲು ಇದಕ್ಕಿಂತ ಅನುಕೂಲವಾದ ಧ್ವನಿಮುದ್ರಣ ಸಿಗುವುದು ಕಷ್ಟ.

ಚಲನಚಿತ್ರ

ಕೆ. ಬಾಲಚಂದರ್ ನಿರ್ದೇಶನದ ತಮಿಳು ಚಿತ್ರ ‘ಡ್ಯುಯೆಟ್’ (1994) ಗೋಪಾಲನಾಥರ ವಾದನವನ್ನು ಶಾಸ್ತ್ರೀಯ ಸಂಗೀತ ಕೇಳದವರ ಮನೆಗಳಿಗೂ ಮುಟ್ಟಿಸಿತು. ಸಂಗೀತ ಎ. ಆರ್. ರಹಮಾನ್ ಅವರದು, ಕಥಾನಾಯಕನೂ ಸ್ಯಾಕ್ಸೋಫೋನ್ ವಾದಕನೇ. ಗೋಪಾಲನಾಥರ ಪುತ್ರ ಮಣಿಕಾಂತ್ ಕದ್ರಿ ಚಲನಚಿತ್ರ ಸಂಗೀತ ನಿರ್ದೇಶಕರು.

ತುಳುನಾಡಿನಲ್ಲಿ ಸ್ಯಾಕ್ಸೋಫೋನ್

2004ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಮುತ್ತ ಇಂದು ದೇವಸ್ಥಾನದ ಉತ್ಸವ, ದೈವದ ನೇಮ, ಮದುವೆಗಳಲ್ಲಿ ನಾಗಸ್ವರದ ಜಾಗದಲ್ಲಿ ಅಥವಾ ಅದರ ಜೊತೆಯಲ್ಲಿ ಸ್ಯಾಕ್ಸೋಫೋನ್ ಕೇಳಿಬರುವುದು ಸಾಮಾನ್ಯ. ಇಲ್ಲಿನ ವಾದಕರ ರೀತಿ ಕಛೇರಿಯ ರೀತಿಗಿಂತ ಭಿನ್ನ: ನೇಮದಲ್ಲಿ ಡೋಲಿನ ಪೆಟ್ಟಿಗೆ, ದೈವದ ಹೆಜ್ಜೆಗೆ ಹೊಂದಿಕೊಂಡು ಇರುಳೆಲ್ಲ ಊದಬೇಕಾಗುತ್ತದೆ. ಸಜೀಪಮೂಡದ ನಾಗಸ್ವರದ ಮನೆಯಿಂದ ಹೊರಟ ಹುಡುಗ ಕೈಗೆತ್ತಿಕೊಂಡ ವಾದ್ಯವನ್ನು ಅದೇ ಊರುಗಳ ಅಂಗಳದಲ್ಲಿ ಯಾರೂ ಈಗ ಪರದೇಶದ್ದೆಂದು ಎಣಿಸುವುದಿಲ್ಲ.